ಕೆಟ್ಟು ನಿಂತಾಗ ನಿಲ್ಲುವವರು

ಹಳೇ ಕಾರು ಇಟ್ಟುಕೊಂಡವರಿಗೆ ಎರಡು ನಮೂನೆಯ ಗೆಳೆಯರು ಸಿಗುತ್ತಾರೆ. ಕಾರು ತೊಳೆದು ಹೊಳೆಯುವಾಗ ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುವವರು ಒಂದು ನಮೂನೆ. ಅದೇ ಕಾರು ನಡುರಸ್ತೆಯಲ್ಲಿ ನಿಂತಾಗ ತಮ್ಮ ಕಾರನ್ನೂ ಬದಿಗೆ ಹಾಕಿ, ಅಂಗಿಯ ತೋಳು ಮಡಚುತ್ತಾ ಇಳಿದು ಬರುವವರು ಇನ್ನೊಂದು ನಮೂನೆ. ಮೊದಲನೆಯವರು ಬೇಕಾದಷ್ಟು ಮಂದಿ. ಹಳೇ ಕಾರಿನವರು ಸಂಘ ಕಟ್ಟಿಕೊಳ್ಳಬೇಕಾದ್ದು ಎರಡನೆಯವರಿಗಾಗಿ ಎಂಬುದು ನನ್ನ ಅಭಿಪ್ರಾಯ.

ಈ ಮಾತು ಈಗ ಯಾಕೆ ಅಂದರೆ, ನಮ್ಮ ಪುಟ್ಟ ಗುಂಪಿನಲ್ಲಿ ಇದೇ ವಿಷಯಕ್ಕೆ ಜಗಳ ಶುರುವಾಗಿದೆ. ಜಗಳ ಅಂದರೆ ಮಾರಾಮಾರಿಯೇನಲ್ಲ.... ಚಾ ಆರಿ ಹೋಗುವವರೆಗೆ ನಡೆಯುವ ವಾದ :)

ನಮ್ಮ ಗುಂಪಿಗೆ ಹೆಸರಿಲ್ಲ, ರಸೀದಿ ಪುಸ್ತಕವಿಲ್ಲ, ಅಧ್ಯಕ್ಷರಿಲ್ಲ. ನಾನು ಡೋಣಿಯವ, ನೌಕರಿ ಗದಗದಲ್ಲಿ. ನನ್ನದು 1982ರ ಪ್ರೀಮಿಯರ್ ಪದ್ಮಿನಿ, ಸ್ಟೇರಿಂಗ್ ಪಕ್ಕದಲ್ಲೇ ಗೇರು ಇರುವಂಥದ್ದು. ಗೆಳೆಯರೊಬ್ಬರದು 1968ರ ಅಂಬಾಸಿಡರ್ ಮಾರ್ಕ್ 2. ಇನ್ನೊಬ್ಬರದು ಮಹೀಂದ್ರಾ ಜೀಪು. ಬೆಟಗೇರಿಯ ಇಬ್ಬರು ಕಾರಿಲ್ಲದೆ ಯೆಜ್ಡಿ ಬೈಕಿನ ಮೇಲೇ ಬರುತ್ತಾರೆ, ಅವರನ್ನೂ ಸೇರಿಸಿಕೊಂಡಿದ್ದೇವೆ. ವರ್ಷಕ್ಕೆ ಮೂರ್ನಾಲ್ಕು ಸಲ ಎಲ್ಲರೂ ಕೂಡಿ ಹೊರಡುತ್ತೇವೆ. ಒಮ್ಮೆ ಲಕ್ಷ್ಮೇಶ್ವರ, ಒಮ್ಮೆ ಶಿರಹಟ್ಟಿ, ಹೆಚ್ಚಾಗಿ ನಮ್ಮೂರ ಕಡೆಗೇ, ಕಪ್ಪತ್ತಗುಡ್ಡಕ್ಕೆ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತ್ತಗಿರಿ ನೋಡು ಅಂತ ನಮ್ಮ ಕಡೆ ಗಾದೆಯೇ ಇದೆಯಲ್ಲ.

ಗುಂಪಿಗೆ ಇದ್ದದ್ದು ಒಂದೇ ನಿಯಮ. ಯಾರದೇ ಗಾಡಿ ನಿಂತರೂ ಎಲ್ಲರೂ ನಿಲ್ಲಬೇಕು.

ಈಗ ಬಂದಿರುವ ಸಲಹೆ ಹೀಗಿದೆ. ಮುಂದಿನ ಸಲದಿಂದ ಕೆಟ್ಟ ಗಾಡಿ ಎತ್ತಿಕೊಂಡು ಹೋಗುವ ಲಾರಿಯೊಂದನ್ನು ಬಾಡಿಗೆಗೆ ಹಿಂದೆ ಇಟ್ಟುಕೊಳ್ಳೋಣ. ಯಾರದಾದರೂ ಕೆಟ್ಟರೆ ಲಾರಿಗೆ ಏರಿಸಿ ಗದಗಿಗೆ ಕಳಿಸೋಣ. ಉಳಿದವರು ಹೇಳಿದ ಹೊತ್ತಿಗೆ ಊಟದ ಜಾಗ ಮುಟ್ಟೋಣ. ಕೇಳಿದರೆ ಎಷ್ಟು ಸರಿ ಅನ್ನಿಸುತ್ತದೆ ನೋಡಿ! ನನಗೆ ಮಾತ್ರ ಇದು ಸರಿಬರುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹಳೇ ಕಾರು ಕೆಡುವ ರೀತಿಯನ್ನೇ ನೋಡಿ. ಅದು ತಾನು ಯಾಕೆ ನಿಂತೆ ಅಂತ ಹೇಳುತ್ತದೆ, ಕೇಳುವ ಕಿವಿ ಇರಬೇಕಷ್ಟೆ. ಇಂಜಿನ್ ಓಡಬೇಕಾದರೆ ಬೇಕಾದ್ದು ಪೆಟ್ರೋಲು, ಗಾಳಿ, ಸರಿಯಾದ ಹೊತ್ತಿಗೆ ಒಂದು ಕಿಡಿ. ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಇಂಜಿನ್ನಿಗೆ ತಾಗಿಸಿ ಹಿಡಿದು, ಇನ್ನೊಬ್ಬರು ಸೆಲ್ಫ್ ಹೊಡೆದರೆ ಕಿಡಿ ಬರುತ್ತದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕಿಡಿ ಇಲ್ಲ ಅಂದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್ ನೋಡಬೇಕು. ಅದರ ಸಂದು ಇರಬೇಕಾದ್ದು ಸುಮಾರು 0.4 ಮಿಲಿಮೀಟರ್. ಕಿಡಿ ಇದೆ, ಆದರೂ ಹತ್ತುತ್ತಿಲ್ಲ ಅಂದರೆ ಪೆಟ್ರೋಲಿನ ಕಡೆ ಹೋಗಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಪೈಪಿನೊಳಗಿನ ಪೆಟ್ರೋಲು ಕುದ್ದು ಆವಿಯಾಗಿಬಿಡುತ್ತದೆ, ಪಂಪು ಎಷ್ಟು ಬಡಿದುಕೊಂಡರೂ ಕಾರ್ಬೊರೇಟರಿಗೆ ಏನೂ ಬರುವುದಿಲ್ಲ. ಆಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಅರ್ಧ ತಾಸು ಕೂಡಬೇಕು. ರೇಡಿಯೇಟರಿನಲ್ಲಿ ಸಣ್ಣ ತೂತಾಗಿದ್ದರೆ ಅರಿಶಿನ ಪುಡಿ. ಪೆಟ್ರೋಲ್ ಟ್ಯಾಂಕು ಹನಿಯುತ್ತಿದ್ದರೆ ಬಟ್ಟೆ ಸಾಬೂನು ತಿಕ್ಕಿ ಮೆತ್ತಿದರಾಯಿತು, ಊರು ಮುಟ್ಟುವವರೆಗೆ ತಡೆಯುತ್ತದೆ. ಹೊಸ ಕಾಲವೂ ತನ್ನ ಪಾಲಿನ ರಿಪೇರಿ ಸೇರಿಸಿದೆ. 2025ರ ಹೊತ್ತಿಗೆ ದೇಶದ ಎಲ್ಲ ಕಡೆ ಬಂದಿರುವ, ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು ಹಳೇ ರಬ್ಬರಿನ ಪೈಪು, ಡಯಾಫ್ರಾಮುಗಳಿಗೆ ಆಗಿಬರುವುದಿಲ್ಲ. ಹಾಗಾಗಿ ಈಗ ಡಿಕ್ಕಿಯಲ್ಲಿ ಸ್ಟೆಪ್ನಿಯ ಜೊತೆ ಒಂದು ಮೊಳ ಹೊಸ ಪೈಪೂ ಇರುತ್ತದೆ.

ಇಷ್ಟೆಲ್ಲ ವಿವರ ಹೇಳಿದ್ದು ನನ್ನ ಮಿಸ್ತ್ರಿತನ ತೋರಿಸಲಿಕ್ಕಲ್ಲ. ಇದರಲ್ಲಿ ಎಷ್ಟು ಕೈಗೆ ಕೆಲಸವಿದೆ ಎಣಿಸಿ. ಒಬ್ಬ ಪ್ಲಗ್ ಹಿಡಿಯಬೇಕು, ಒಬ್ಬ ಸೆಲ್ಫ್ ಹೊಡೆಯಬೇಕು, ಒಬ್ಬ ನೀರು ತರಬೇಕು, ಒಬ್ಬ ಬಿಚ್ಚಿದ ನಟ್ಟು ಕಳೆಯದಂತೆ ಟೋಪಿಯಲ್ಲಿ ಹಿಡಿದು ನಿಲ್ಲಬೇಕು. ಏನೂ ಬಾರದವನು ಬಾನೆಟ್ಟಿಗೆ ಕೈ ಊರಿ "ಮೊನ್ನೆ ನಂದೂ ಹಿಂಗs ಆಗಿತ್ತು ನೋಡು" ಅನ್ನಬೇಕು. ಅದೂ ಒಂದು ಕೆಲಸವೇ :) ಗಂಡಸರು ಎದುರು ಬದರು ಕೂತು ಮನಸ್ಸಿನ ಮಾತಾಡುವುದು ಕಡಿಮೆ. ಇಬ್ಬರೂ ಒಂದೇ ಇಂಜಿನ್ನಿನ ಕಡೆ ಮುಖ ಮಾಡಿ ನಿಂತಾಗ ಮಾತು ತಾನಾಗಿ ಬರುತ್ತದೆ. ಅಂಬಾಸಿಡರ್ ಗೆಳೆಯ ತನ್ನ ತಂದೆಯ ಕೊನೆಯ ದಿನಗಳ ಬಗ್ಗೆ ನನಗೆ ಹೇಳಿದ್ದು ಯಾವ ಹೋಟೆಲಿನಲ್ಲೂ ಅಲ್ಲ, ಡಂಬಳದ ಹತ್ತಿರ ರಸ್ತೆ ಬದಿಯ ಬೇವಿನ ಮರದ ಕೆಳಗೆ, ಪಂಪು ತಣ್ಣಗಾಗುವುದನ್ನು ಕಾಯುತ್ತಾ ಕೂತಾಗ. ಅದಕ್ಕೆ ಮೊದಲು ಎಷ್ಟೋ ವರ್ಷದ ಪರಿಚಯ ನಮ್ಮದು. ಗೆಳೆತನ ಆದದ್ದು ಆ ಅರ್ಧ ತಾಸಿನಲ್ಲಿ.

ಹೊಸ ಕಾರು ಕೆಟ್ಟರೆ ಕೈಗೆ ಕೆಲಸವಿಲ್ಲ. ಬಾನೆಟ್ ಎತ್ತಿದರೆ ಕಾಣುವುದು ಒಂದು ಪ್ಲಾಸ್ಟಿಕ್ ಮುಚ್ಚಳ. ಕಂಪನಿಯ ನಂಬರಿಗೆ ಫೋನು ಮಾಡಿ, ಯಾರೋ ಬರುವವರೆಗೆ ಮೊಬೈಲು ತಿಕ್ಕುತ್ತಾ ಕೂಡುವುದು. ಪಕ್ಕದಲ್ಲಿ ಗೆಳೆಯ ಇದ್ದರೂ ಅವನು ಮಾಡುವಂಥದ್ದು ಏನಿರುತ್ತದೆ? ಲಾರಿಯವರ ಸಲಹೆ ಹಳೇ ಕಾರಿಗೂ ಇದೇ ಪದ್ಧತಿ ತರುತ್ತದೆ.

ಇನ್ನು ನಮ್ಮೂರಿನ ಒಂದು ಪ್ರಸಂಗ. ಹಿಂದೊಮ್ಮೆ ಸುಗ್ಗಿಯ ದಿನಗಳಲ್ಲಿ ಗುಡ್ಡದಿಂದ ಇಳಿದು ಬರುವಾಗ ಅಂಬಾಸಿಡರಿನ ಹಿಂದಿನ ಹಾಫ್ ಶಾಫ್ಟ್ ಮುರಿಯಿತು. ಅದು ಮುರಿದರೆ ಅರಿಶಿನ, ಸಾಬೂನು ಯಾವುದೂ ನಡೆಯುವುದಿಲ್ಲ. ಹೊತ್ತು ಮುಳುಗುತ್ತಾ ಬಂದಿತ್ತು, ಗುಡ್ಡದ ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಹೊಲದಿಂದ ಬರುತ್ತಿದ್ದ ಒಬ್ಬರು ಟ್ರ್ಯಾಕ್ಟರ್ ನಿಲ್ಲಿಸಿ "ಏನಾತ್ರಿ ಸರs, ಗಾಡಿ ಕೆಟ್ಟತೇನು?" ಅಂದರು. ಹಗ್ಗ ಅವರದೇ, ಡೀಸೆಲ್ ಅವರದೇ. ಎಳೆದುಕೊಂಡು ಡೋಣಿಯೊಳಗೆ ತಂದು ಬಿಟ್ಟರು. ಗೆಳೆಯ ಕಿಸೆಗೆ ಕೈ ಹಾಕಿದ. ಅವರು ಹೇಳಿದ್ದಿಷ್ಟು: "ರೊಕ್ಕ ಯಾಕ್ರಿ? ನಾಳೆ ಯಾರದರ ಗಾಡಿ ನಿಂತಿದ್ರ ನೀವು ನಿಲ್ಲಸ್ರಿ, ಅಷ್ಟs."

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು, ನಿಮ್ಮಲ್ಲಿ ಎಷ್ಟೋ ಜನ ಕೇಳಿರುತ್ತೀರಿ. ಇಂದು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು. ಕೂಲಿಯ ಲೆಕ್ಕವಿಲ್ಲ, ಆಳಿಗೆ ಆಳಿನ ಲೆಕ್ಕ. ಇಂಥ ನೆಲದಲ್ಲೇ, ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ರಸ್ತೆಯ ಮುಯ್ಯಿ ಹೊಲದ ಮುಯ್ಯಿಗಿಂತ ಒಂದು ಹೆಜ್ಜೆ ಮುಂದೆ. ಇಲ್ಲಿ ಸಾಲ ಕೊಟ್ಟವರಿಗೆ ತಿರುಗಿ ಕೊಡಲಿಕ್ಕಾಗುವುದಿಲ್ಲ. ಆ ಟ್ರ್ಯಾಕ್ಟರಿನವರಿಗೆ ನಮ್ಮ ಅಂಬಾಸಿಡರಿನಿಂದ ಏನು ಉಪಯೋಗ? ಮುಂದೆ ಯಾರು ಕೆಟ್ಟು ನಿಂತಿರುತ್ತಾರೋ ಅವರಿಗೇ ಅದನ್ನು ತೀರಿಸಬೇಕು.

ಇದು ನಮ್ಮ ಕಡೆಯವರ ದೊಡ್ಡತನ ಮಾತ್ರ ಅಂದುಕೊಳ್ಳಬೇಡಿ. ಕಾರು ಹುಟ್ಟಿದ್ದೇ ಹೀಗೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬ ಹೆಣ್ಣುಮಗಳು, ಗಂಡ ಕಾರ್ಲ್ ಬೆಂಜನಿಗೆ ಹೇಳದೆ, ಅವನು ಕಟ್ಟಿದ ಮೂರು ಗಾಲಿಯ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಅಷ್ಟು ದೂರ ಮೋಟಾರು ಗಾಡಿಯಲ್ಲಿ ಹೋದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ದಾರಿಯಲ್ಲಿ ಪೈಪು ಕಟ್ಟಿಕೊಂಡಿತು, ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ವೈರು ಕೆಟ್ಟಿತು, ಕಾಲುಚೀಲದ ಪಟ್ಟಿ ಸುತ್ತಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಊರಿನ ಔಷಧಿ ಅಂಗಡಿಯವ ಕೊಟ್ಟ, ಚೈನು ಕೆಟ್ಟಾಗ ಕಮ್ಮಾರ ನೆಟ್ಟಗೆ ಮಾಡಿದ, ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರ ಚರ್ಮ ಹೊಡೆದುಕೊಟ್ಟ. ಏರಿನಲ್ಲಿ ಮಕ್ಕಳು ದಬ್ಬಿದರು. ಜಗತ್ತಿನ ಮೊದಲ ದೂರದ ಕಾರು ಪ್ರಯಾಣವೇ ರಸ್ತೆ ಬದಿಯ ರಿಪೇರಿಗಳ ಸರಮಾಲೆ, ಅದನ್ನು ಮುಗಿಸಿದವರಲ್ಲಿ ಅರ್ಧದಷ್ಟು ಜನ ದಾರಿಯಲ್ಲಿ ಸಿಕ್ಕವರು!

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಹೇಳಬೇಕು. ಅದರಲ್ಲಿ ನಿಜವಿದೆ. ನನ್ನ ಹೆಂಡತಿಯ ಮಾತು ಇದು: "ನಿಮಗ ಗೆಳೆತನ, ನಮಗ ಬಿಸಿಲು." ಕಾರು ನಿಂತಲ್ಲಿ ನಮಗೆ ಪಾನಾ, ಪಕ್ಕಡ ಹಿಡಿದು ಹಬ್ಬ. ಹೆಣ್ಣುಮಕ್ಕಳಿಗೆ, ಮುದುಕರಿಗೆ, ಮಕ್ಕಳಿಗೆ ಕೂಡಲಿಕ್ಕೆ ನೆರಳಿಲ್ಲ, ಹೋಗಲಿಕ್ಕೆ ಶೌಚಾಲಯವಿಲ್ಲ. ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಬಸ್ಸು ಕಡಿಮೆ ಇದ್ದ ಕಾಲದಲ್ಲಿ ನಮ್ಮಂಥ ಊರುಗಳಿಂದ ಹೆರಿಗೆಗೆ, ಹಾವು ಕಚ್ಚಿದವರಿಗೆ ಸಿಗುತ್ತಿದ್ದದ್ದು ಇಂಥ ಹಳೇ ಗಾಡಿಗಳೇ. ಅಂಥ ಹೊತ್ತಿನಲ್ಲಿ ಮುಂಡರಗಿ ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಅದರಲ್ಲಿ ಯಾವ ಸೊಗಸೂ ಇಲ್ಲ. ಕೆಡದ ಗಾಡಿ ಬಂದದ್ದು, 108 ಆಂಬುಲೆನ್ಸ್ ಬಂದದ್ದು ಒಳ್ಳೆಯದೇ. ಕೆಟ್ಟು ನಿಲ್ಲುವುದನ್ನು ಸುಖ ಅಂತ ಕರೆಯುವ ಐಷಾರಾಮ ಇರುವುದು ಹೊತ್ತಿಗೆ ಮುಟ್ಟಲೇಬೇಕಾದ ಗರಜು ಇಲ್ಲದವರಿಗೆ ಮಾತ್ರ. ನಾವು ಅಂಥವರು. ಭಾನುವಾರ ಮಜಾಕ್ಕೆ ಹೊರಟವರು.

ಆದರೆ ಅದೇ ಕಾರಣಕ್ಕೆ ನಾನು ಕೇಳುವುದು: ಹೊತ್ತಿಗೆ ಮುಟ್ಟುವ ಗರಜೇ ಇಲ್ಲದ ನಮಗೆ ಗೆಳೆಯನನ್ನು ಬಿಟ್ಟು ಮುಂದೆ ಹೋಗುವ ಅವಸರ ಎಲ್ಲಿಂದ ಬಂತು? ರೊಟ್ಟಿ, ಎಣಗಾಯಿ ಆರುತ್ತವೆ ಅಂತಲೇ? ಆರಲಿ ಬಿಡಿ!

ನನಗೆ ಅನ್ನಿಸುವುದು, ಈ ಅವಸರ ಬಂದಿರುವುದು ಪ್ರದರ್ಶನದ ಗಾಳಿಯಿಂದ. ದೊಡ್ಡ ಊರುಗಳ ಮೆರವಣಿಗೆಗಳಿಗೆ ಎಷ್ಟೋ ಕಾರುಗಳು ಲಾರಿಯ ಮೇಲೇ ಬಂದು, ಸ್ವಲ್ಪ ಓಡಿ, ಬಹುಮಾನ ತೆಗೆದುಕೊಂಡು, ಲಾರಿಯ ಮೇಲೇ ಮನೆಗೆ ಹೋಗುತ್ತವೆ. ತೊಂಬತ್ತು ವರ್ಷದ ಕಾರಾದರೆ ಅದು ಸರಿಯೇ, ಅದರ ಒಂದು ಬಿಡಿಭಾಗ ಮುರಿದರೆ ಇನ್ನೊಂದು ಸಿಗುವುದಿಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯ ನೋಡಿದವರಿಗೆ ಗೊತ್ತು, ಅಂಥ ಗಾಡಿಗಳನ್ನು ಕಾಪಾಡುವುದು ಎಂಥ ದೊಡ್ಡ ಕೆಲಸ ಅಂತ. ಆದರೆ ನಮ್ಮ ಪದ್ಮಿನಿ, ಅಂಬಾಸಿಡರ್‌ಗಳಿಗೆ ಆ ಠೀವಿ ಯಾಕೆ? ಇವು ಒಂದು ಕಾಲಕ್ಕೆ ಟ್ಯಾಕ್ಸಿಗಳಾಗಿದ್ದವು. ಅಂಬಾಸಿಡರ್ 2014ರವರೆಗೂ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ.

ಅಂದ ಹಾಗೆ, ವಿಂಟೇಜ್ ಅನ್ನುವ ಮಾತನ್ನೇ ನಾವು ಬಳಸುವ ಹಾಗಿಲ್ಲ. ಇಂಗ್ಲೆಂಡಿನ ಸಂಘಗಳ ಲೆಕ್ಕದಲ್ಲಿ 1919ರಿಂದ 1930ರ ಒಳಗೆ ತಯಾರಾದದ್ದು ಮಾತ್ರ ವಿಂಟೇಜ್. ನಮ್ಮ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿರಬೇಕು. ಅದಕ್ಕೆ "ವಿಎ" ಅಕ್ಷರವಿರುವ ಬೇರೆ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಹಾಗೆ ನೋಂದಾಯಿಸಿದ ಗಾಡಿ ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸಲಿಕ್ಕೆ, ರಿಪೇರಿಗೆ ರಸ್ತೆಗಿಳಿಯಬಹುದು. ದಿನನಿತ್ಯದ ಓಡಾಟಕ್ಕೆ ಇಲ್ಲ. ಗೆಳೆಯನ ಅಂಬಾಸಿಡರ್‌ಗೆ ಆ ಯೋಗ್ಯತೆ ಬಂದಿದೆ, ಆದರೆ ಅವನು ಒಲ್ಲೆ ಅನ್ನುತ್ತಾನೆ. ಲಕ್ಷ್ಮೇಶ್ವರದ ಮದುವೆಗೆ ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು ಹೋಗಲಿಕ್ಕೆ ಬಾರದ ಕಾರು ಅವನಿಗೆ ಬೇಡ. ನನ್ನದು 1982ರದ್ದು, ವಿಂಟೇಜ್ ಅಲ್ಲ, ಬರೀ ಹಳೇದು. 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣದ ಶುಲ್ಕವನ್ನು 2025ರಲ್ಲಿ 10,000 ರೂಪಾಯಿ ಮಾಡಿದ್ದಾರೆ. ಹೊಗೆಯ ವಿಷಯದಲ್ಲಿ ಸರ್ಕಾರದ ಕಾಳಜಿ ತಪ್ಪೆಂದು ನಾನು ಹೇಳುವುದಿಲ್ಲ. ಹೇಳುವುದಿಷ್ಟೇ, ಹಳೇ ಗಾಡಿ ಒಂದೋ ಗಾಜಿನ ಹಿಂದೆ ಇರಬೇಕು, ಇಲ್ಲವೇ ಗುಜರಿಗೆ ಹೋಗಬೇಕು ಅನ್ನುವ ಕಾಲ ಬರುತ್ತಿದೆ. ನಡುವೆ ಇರುವ, ಓಡುವ, ಕೆಡುವ, ಮತ್ತೆ ಓಡುವ ಗಾಡಿಗಳಿಗೆ ಜಾಗ ಉಳಿಸಬೇಕಾದವರು ನಮ್ಮಂಥ ಸಣ್ಣ ಗುಂಪಿನವರೇ. ನಾವೇ ಲಾರಿ ತಂದರೆ ಹೇಗೆ?

ಬೈಕಿನವರಿಂದ ಕಲಿಯುವುದಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಆ ಜಾವಾ, ಯೆಜ್ಡಿಗಳು ಇವತ್ತಿಗೂ ಓಡುತ್ತಿವೆ. ಕಿಕ್ಕರ್ರೂ ಗೇರೂ ಒಂದೇ ಲಿವರಿನಲ್ಲಿರುವ ಆ ವಿಚಿತ್ರ ಗಾಡಿಯ ಗುಟ್ಟುಗಳನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟುಕೊಂಡು, ಬಿಡಿಭಾಗ ಹಂಚಿಕೊಂಡು, ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಊರೂರಲ್ಲಿ ಕೂಡಿ ಓಡಿಸುತ್ತಾರೆ. ಕಾರ್ಖಾನೆ ಸತ್ತ ಮೇಲೂ ಗಾಡಿ ಬದುಕಿರುವುದು ಗೆಳೆತನದ ಮೇಲೆ. ನಮ್ಮ ಬೆಟಗೇರಿಯ ಇಬ್ಬರ ಜೋಳಿಗೆಯಲ್ಲಿ ಯಾವಾಗಲೂ ಎರಡು ಜೊತೆ ಪ್ಲಗ್ ಇರುತ್ತವೆ. ಒಂದು ತಮಗೆ, ಇನ್ನೊಂದು ದಾರಿಯಲ್ಲಿ ಸಿಗುವ ಯಾರಿಗೋ.

1953ರಲ್ಲಿ ಬಂದ "ಜೆನೆವೀವ್" ಎಂಬ ಇಂಗ್ಲಿಷ್ ಸಿನಿಮಾ ಸಿಕ್ಕರೆ ನೋಡಿ. ಲಂಡನ್ನಿನಿಂದ ಬ್ರೈಟನ್ನಿಗೆ ಹೋಗುವ ಹಳೇ ಕಾರುಗಳ ಯಾತ್ರೆಯ ಕಥೆ. ನಿಜವಾದ ಯಾತ್ರೆ 1896ರಷ್ಟು ಹಳೆಯದು, 1905ಕ್ಕಿಂತ ಮುಂಚಿನ ಗಾಡಿಗಳಿಗೆ ಮಾತ್ರ ಪ್ರವೇಶ, ಪಂದ್ಯವಲ್ಲ. ಸಿನಿಮಾದಲ್ಲಿ ಇಬ್ಬರು ಗೆಳೆಯರು ವಾಪಸು ಬರುವಾಗ ಅದನ್ನು ಪಂದ್ಯ ಮಾಡಿಕೊಳ್ಳುತ್ತಾರೆ, ಹಣ ಕಟ್ಟುತ್ತಾರೆ, ಒಬ್ಬರ ಗಾಡಿ ಇನ್ನೊಬ್ಬರು ಕೆಡಿಸುವ ಮಟ್ಟಕ್ಕೆ ಇಳಿಯುತ್ತಾರೆ. ಕೊನೆಗೆ, ಗೆಲುವು ಹತ್ತಿರವಿದ್ದಾಗ, ಒಬ್ಬ ಮುದುಕ ಅಡ್ಡ ಬಂದು ತನ್ನ ಕಾಲದ ಇಂಥದೇ ಕಾರಿನ ನೆನಪು ಹೇಳತೊಡಗುತ್ತಾನೆ. ನಾಯಕ ಅವಸರದಲ್ಲೂ ನಿಂತು ಕೇಳುತ್ತಾನೆ. ಮೊದಲು ಮುಟ್ಟುವುದೇ ಮುಖ್ಯವಾದಾಗ ಗೆಳೆತನ ಹಾಳಾಗುತ್ತದೆ, ನಿಂತಾಗ ತಿರುಗಿ ಬರುತ್ತದೆ. ಕಾಮಿಡಿ ಸಿನಿಮಾ, ಆದರೆ ಹೇಳುವುದು ದೊಡ್ಡ ಮಾತು.

ಬರೀ ಬೇಡ ಬೇಡ ಅನ್ನುವುದು ಸರಿಯಲ್ಲ, ಹಾಗಾಗಿ ಗುಂಪಿನ ಮುಂದೆ ನಾನು ಇಟ್ಟಿರುವುದು ಇಷ್ಟು. ಲಾರಿ ಇರಲಿ, ಹಾಫ್ ಶಾಫ್ಟ್ ಮುರಿದಂಥ ಹೊತ್ತಿಗೆ, ರಾತ್ರಿಗೆ, ಯಾರಿಗಾದರೂ ಆರಾಮಿಲ್ಲದಾಗ ಫೋನು ಮಾಡಿ ಕರೆಸುವ ಹಾಗೆ. ಬೆನ್ನಿಗೇ ಬರುವುದು ಬೇಡ. ಹೆಣ್ಣುಮಕ್ಕಳಿಗೆ, ಹಿರಿಯರಿಗೆ ಒಂದು ಹೊಸ ಕಾರು ಜೊತೆಗಿರಲಿ, ಬೇಕಾದವರು ನೆರಳಿಗೆ, ಊಟಕ್ಕೆ ಮುಂದೆ ಹೋಗಲಿ. ಮಕ್ಕಳಲ್ಲಿ ಯಾರಿಗೆ ಪಾನಾ ಹಿಡಿಯುವ ಆಸೆಯೋ ಅವರು, ಹುಡುಗಿಯರೂ ಸೇರಿ, ನಮ್ಮ ಜೊತೆ ನಿಲ್ಲಲಿ. ಎಲ್ಲರಿಗಿಂತ ಚೆನ್ನಾಗಿ ಕೆಲಸ ಬಲ್ಲವನ ಗಾಡಿ ಕೊನೆಯಲ್ಲಿ ಬರಲಿ, ಎಲ್ಲಕ್ಕಿಂತ ನಿಧಾನದ ಗಾಡಿ ಮುಂದೆ ಇರಲಿ. ಮಿಸ್ತ್ರಿಯನ್ನು ಕರೆದರೆ ಅವರ ಕೂಲಿ ಚೌಕಾಸಿ ಮಾಡದೆ ಕೊಡೋಣ. ಪಾಯಿಂಟ್ ಸೆಟ್ ಮಾಡಬಲ್ಲ ಕೈಗಳು ನಮ್ಮ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟಾಗುತ್ತಿವೆ, ಆ ವಿದ್ಯೆಗೆ ಬೆಲೆ ಕೊಡದಿದ್ದರೆ ಅವರ ಮಕ್ಕಳು ಯಾಕೆ ಕಲಿಯಬೇಕು? ಮುಯ್ಯಿ ಬೇರೆ, ಕೂಲಿ ಬೇರೆ.

ಇನ್ನೊಂದು ನಿಯಮ ಸೇರಿಸಿ ಅಂತ ಕೇಳಿದ್ದೇನೆ, ಇದಕ್ಕೆ ಮಾತ್ರ ಯಾರೂ ಎದುರು ಮಾತಾಡಲಿಲ್ಲ. ನಮ್ಮ ಸಾಲಿನ ಗಾಡಿ ಅಂತಲ್ಲ, ದಾರಿಯಲ್ಲಿ ಯಾರದೇ ಗಾಡಿ ನಿಂತಿರಲಿ, ಉಳ್ಳಾಗಡ್ಡಿ ಹೇರಿದ ಟೆಂಪೋ ಇರಲಿ, ಕಬ್ಬಿನ ಟ್ರ್ಯಾಕ್ಟರ್ ಇರಲಿ, ಗಂಡ ಹೆಂಡತಿ ಮಗು ಕೂತ ಪಂಚರ್ ಆದ ಬೈಕ್ ಇರಲಿ, ನಮ್ಮಲ್ಲಿ ಒಂದಾದರೂ ಗಾಡಿ ನಿಂತು "ಏನಾತ್ರಿ?" ಅಂತ ಕೇಳಿಯೇ ಮುಂದೆ ಹೋಗಬೇಕು. ಆ ಟ್ರ್ಯಾಕ್ಟರಿನವರ ಬಾಕಿ ಇನ್ನೂ ಬಹಳ ಇದೆ.

ಏನಂತೀರಿ?